ಅರ್ಜಿಯ ಚೌಕದಲ್ಲಿ ಜನಾಂಗ: ಯಾವ ಹಣೆಪಟ್ಟಿ ಸರಿ?

ಪ್ರಶ್ನೆ: ನನ್ನ ಮಗಳು ಅಮೆರಿಕದಲ್ಲಿ ಓದುತ್ತಿದ್ದಾಳೆ. ಅಲ್ಲಿ ಯಾವ ಅರ್ಜಿ ತುಂಬಿದರೂ ಜನಾಂಗ ಯಾವುದೆಂದು ಕೇಳುತ್ತಾರಂತೆ. ಪ್ರತಿ ಸಲವೂ ‘ಏಷ್ಯನ್’ ಎಂಬ ಚೌಕಕ್ಕೆ ಗುರುತು ಹಾಕುತ್ತಾಳೆ. ‘ನಮಗೂ ಕೊರಿಯಾದವರಿಗೂ ಏನು ಹೋಲಿಕೆ? ಇದು ತಪ್ಪು ಹಣೆಪಟ್ಟಿ’ ಎಂಬುದು ಅವಳ ತಕರಾರು. ಅವಳ ಸಹಪಾಠಿಗಳಲ್ಲಿ ಒಬ್ಬರು ತಮ್ಮನ್ನು ‘ಬ್ಲ್ಯಾಕ್’ ಎನ್ನಿ, ‘ಆಫ್ರಿಕನ್ ಅಮೆರಿಕನ್’ ಎನ್ನಬೇಡಿ ಎನ್ನುತ್ತಾರೆ. ಇನ್ನೊಬ್ಬರದು ಅದಕ್ಕೆ ತದ್ವಿರುದ್ಧ. ಜನಾಂಗ ಎಂಬುದೇ ಇಲ್ಲ ಎಂದು ವಿಜ್ಞಾನಿಗಳು ಹೇಳುವಾಗ ಈ ಹೆಸರುಗಳಲ್ಲಿ ಸರಿ, ತಪ್ಪು ಎಂಬುದು ಉಂಟೇ? ಎಲ್ಲವನ್ನೂ ಕೈಬಿಟ್ಟರೆ ಒಳ್ಳೆಯದಲ್ಲವೇ?

ಉತ್ತರ: ನಿಮ್ಮ ಮಗಳ ತಕರಾರಿನಲ್ಲಿ ಹುರುಳಿದೆ. ‘ಏಷ್ಯನ್’ ಎಂಬ ಚೌಕ ಅವಳ ಪೂರ್ವಜರ ಬಗ್ಗೆ, ಭಾಷೆಯ ಬಗ್ಗೆ, ದೇಹದ ಬಗ್ಗೆ ಹೇಳುವುದು ಬಹಳ ಕಡಿಮೆ. ಆದರೂ ಅವಳು ಆ ಚೌಕಕ್ಕೆ ಗುರುತು ಹಾಕುವುದೇ ಸರಿ ಎಂದು ನಾನು ಹೇಳುತ್ತೇನೆ. ಈ ಎರಡು ಮಾತುಗಳು ಒಂದಕ್ಕೊಂದು ಎದುರಾಗಿ ಕಾಣುವುದಕ್ಕೆ ಕಾರಣ, ಒಂದೇ ಹಣೆಪಟ್ಟಿಯಿಂದ ನಾವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಬಯಸುತ್ತೇವೆ. ನಿನ್ನ ಪೂರ್ವಜರು ಎಲ್ಲಿಂದ ಬಂದವರು ಎಂಬುದು ಒಂದು. ಎದುರಿಗಿರುವವರು ನಿನ್ನನ್ನು ಯಾರೆಂದು ಎಣಿಸಿ ನಡೆಸಿಕೊಳ್ಳುತ್ತಾರೆ ಎಂಬುದು ಇನ್ನೊಂದು. ನೀನು ನಿನ್ನನ್ನು ಯಾರವಳೆಂದು ತಿಳಿದಿದ್ದೀಯೆ, ಆ ಜನ ನಿನ್ನನ್ನು ತಮ್ಮವಳೆಂದು ಒಪ್ಪುತ್ತಾರೆಯೇ ಎಂಬುದು ಮತ್ತೊಂದು. ಮೊದಲನೆಯ ಪ್ರಶ್ನೆಗೆ ಪೂರ್ತಿ ತಪ್ಪಾದ ಹೆಸರು ಎರಡನೆಯದಕ್ಕೆ ನೂರಕ್ಕೆ ನೂರು ಸರಿಯಾಗಿರಬಹುದು. ಜನಾಂಗದ ಹೆಸರುಗಳ ಕುರಿತ ಹೆಚ್ಚಿನ ಜಗಳಗಳಲ್ಲಿ ಒಬ್ಬರ ಮನಸ್ಸಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಇನ್ನೊಬ್ಬರ ಮನಸ್ಸಿನಲ್ಲಿ ಮತ್ತೊಂದು.

ಭಾರತೀಯ ಮೂಲದವರಿಗೆ ಅಮೆರಿಕದ ಜನಗಣತಿ ಕೊಟ್ಟ ಹೆಸರುಗಳನ್ನೇ ನೋಡಿ. 1920, 1930 ಮತ್ತು 1940ರ ಗಣತಿಗಳಲ್ಲಿ ‘ಹಿಂದೂ’ ಎಂಬುದು ಒಂದು ಜನಾಂಗದ ಹೆಸರಾಗಿತ್ತು. ಆಗ ಅಲ್ಲಿದ್ದ ಭಾರತೀಯರಲ್ಲಿ ಹೆಚ್ಚಿನವರು ಪಂಜಾಬಿನ ಸಿಖ್ಖರು, ಮುಸ್ಲಿಮರೂ ಇದ್ದರು. ಧರ್ಮ ಯಾವುದೇ ಇರಲಿ, ಕಾಗದದಲ್ಲಿ ಎಲ್ಲರೂ ‘ಹಿಂದೂ’ ಜನಾಂಗದವರು. 1970ರಲ್ಲಿ ಅದೇ ಜನರನ್ನು ‘ಬಿಳಿಯರು’ ಎಂಬ ಲೆಕ್ಕಕ್ಕೆ ಸೇರಿಸಲಾಯಿತು. ಭಾರತೀಯ ಮೂಲದವರ ಸಂಘಟನೆಗಳು ಒತ್ತಾಯಿಸಿದ ಮೇಲೆ 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಪ್ರತ್ಯೇಕ ಚೌಕ ಬಂತು. 1940ರಿಂದ 1980ರವರೆಗೆ ಅಲ್ಲೇ ಬಾಳಿದ ಒಬ್ಬ ವ್ಯಕ್ತಿ ಚರ್ಮವನ್ನಾಗಲಿ ವಂಶವನ್ನಾಗಲಿ ಬದಲಿಸದೆಯೇ ಮೂರು ಜನಾಂಗಗಳನ್ನು ದಾಟಿದಂತಾಯಿತು. ಬ್ರಿಟನ್ನಿಗೆ ಹೋದರೆ ಕಥೆ ಬೇರೆ. ಅಲ್ಲಿ ಆಡುಮಾತಿನಲ್ಲಿ ‘ಏಷ್ಯನ್’ ಎಂದರೆ ಮೊದಲು ನೆನಪಾಗುವುದು ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಮೂಲದವರು. ಇಂಗ್ಲೆಂಡ್ ಮತ್ತು ವೇಲ್ಸಿನ ಗಣತಿಯಲ್ಲಿ ಚೀನೀಯರನ್ನು ‘ಏಷ್ಯನ್’ ಶೀರ್ಷಿಕೆಯ ಕೆಳಗೆ ತಂದದ್ದೇ 2011ರಲ್ಲಿ.

ಇದೆಲ್ಲ ಕಾಗದದ ಮೇಲಿನ ಗೊಂದಲ ಎಂದು ಅನ್ನಿಸಬಹುದು. ಭಗತ್ ಸಿಂಗ್ ಥಿಂಡ್ ಅವರ ಪ್ರಕರಣ ಓದಿದರೆ ಹಾಗೆ ಅನ್ನಿಸುವುದಿಲ್ಲ. ಅಮೆರಿಕದ 1790ರ ಕಾನೂನು ಹೊರಗಿನಿಂದ ಬಂದವರಿಗೆ ಕೊಡುವ ಪೌರತ್ವವನ್ನು ‘ಸ್ವತಂತ್ರ ಬಿಳಿಯ ವ್ಯಕ್ತಿ’ಗಳಿಗೆ ಮೀಸಲಿಟ್ಟಿತ್ತು, ಅಂತರ್ಯುದ್ಧದ ನಂತರ, 1870ರಲ್ಲಿ, ಆಫ್ರಿಕನ್ ಮೂಲದವರಿಗೂ ಅದು ವಿಸ್ತರಿಸಿತು. ಹಾಗಾದರೆ ‘ಬಿಳಿಯ’ ಯಾರು? 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರ ಅರ್ಜಿಯನ್ನು ತಳ್ಳಿಹಾಕುತ್ತಾ ಸುಪ್ರೀಂ ಕೋರ್ಟ್ ಹೇಳಿದ್ದು: ಚರ್ಮ ಎಷ್ಟು ಬೆಳ್ಳಗಿದ್ದರೂ ಲೆಕ್ಕಕ್ಕಿಲ್ಲ, ‘ಬಿಳಿಯ’ ಎಂದರೆ ‘ಕಾಕಸಿಯನ್’ (ಯುರೋಪಿನವರನ್ನು ಸೇರಿಸಿ ಅಂದಿನ ಮಾನವಶಾಸ್ತ್ರಜ್ಞರು ಗುರುತಿಸಿದ್ದ ಗುಂಪು) ಜನಾಂಗದವನು. ಮೂರು ತಿಂಗಳ ನಂತರ, 1923ರ ಫೆಬ್ರವರಿಯಲ್ಲಿ, ಥಿಂಡ್ ಅವರ ಸರದಿ. ಅವರು ಪಂಜಾಬಿನಲ್ಲಿ ಹುಟ್ಟಿದವರು, ಮೊದಲ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದವರು. ಉತ್ತರ ಭಾರತೀಯರು ಕಾಕಸಿಯನ್ನರೇ ಎಂದು ಅಂದಿನ ಮಾನವಶಾಸ್ತ್ರಜ್ಞರು ಬರೆದದ್ದನ್ನು ಅವರ ಕಡೆಯವರು ಮುಂದಿಟ್ಟರು. ಈಗ ಅದೇ ನ್ಯಾಯಾಲಯ, ಎರಡೂ ತೀರ್ಪು ಬರೆದ ಅದೇ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್, ವಿಜ್ಞಾನದ ಮಾತನ್ನು ಬದಿಗಿಟ್ಟರು: ‘ಬಿಳಿಯ’ ಎಂದರೆ ಯಾರೆಂದು ಸಾಮಾನ್ಯ ಮನುಷ್ಯನಿಗೆ ಗೊತ್ತು, ಅವನ ತಿಳಿವಳಿಕೆಯಲ್ಲಿ ಥಿಂಡ್ ಬಿಳಿಯರಲ್ಲ. ಈ ತೀರ್ಪಿನ ಬೆನ್ನಿಗೆ, ಆಗಲೇ ಪೌರತ್ವ ಪಡೆದಿದ್ದ ಹಲವು ಭಾರತೀಯರ ಪೌರತ್ವ ರದ್ದಾಯಿತು. ಭಾರತೀಯರಿಗೆ ಆ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ.

ನ್ಯಾಯಾಲಯ ಮೊದಲನೆಯ ಪ್ರಕರಣದಲ್ಲಿ ಪೂರ್ವಜರ ಪ್ರಶ್ನೆ ಕೇಳಿತು, ಎರಡನೆಯದರಲ್ಲಿ ನೋಡುವವರ ಕಣ್ಣಿನ ಪ್ರಶ್ನೆ ಕೇಳಿತು. ಎರಡರಲ್ಲೂ ಬಾಗಿಲು ಮುಚ್ಚುವ ಉತ್ತರವೇ ಬಂತು. ಥಿಂಡ್ ಪರವಾದ ವಾದವೂ ನಮಗೆ ಹೆಮ್ಮೆ ತರುವಂಥದ್ದಲ್ಲ: ತಾವು ಮೇಲ್ಜಾತಿಯ ಶುದ್ಧ ಆರ್ಯರು, ಭಾರತದ ಮೂಲನಿವಾಸಿಗಳಿಂದ ದೂರ ಉಳಿದವರು ಎಂಬುದು ಅದರ ಒಂದು ಎಳೆಯಾಗಿತ್ತು. ‘ಆರ್ಯ’, ‘ದ್ರಾವಿಡ’ ಎಂಬವುಗಳನ್ನು ಭಾಷಾಶಾಸ್ತ್ರಜ್ಞರು ಬಳಸಿದ್ದು ಭಾಷಾ ಕುಟುಂಬಗಳಿಗೆ. ಅವನ್ನು ರಕ್ತದ ಹೆಸರುಗಳೆಂದು ತಿಳಿಯುವುದು ಇಂದಿಗೂ ನಿಂತಿಲ್ಲ. ಬಲೂಚಿಸ್ತಾನದ ಬ್ರಾಹುಯಿ ಜನ ಆಡುವುದು ದ್ರಾವಿಡ ಭಾಷೆ. ಅದರಿಂದ ಅವರು ತಮಿಳರ ಅಥವಾ ಕನ್ನಡಿಗರ ಹತ್ತಿರದ ರಕ್ತಸಂಬಂಧಿಗಳೆಂದು ಹೇಳಲಾಗದು.

ಇನ್ನು ‘ಜನಾಂಗವೇ ಇಲ್ಲ’ ಎಂಬ ಮಾತು. ಇದರ ಅರ್ಧ ಭಾಗ ಗಟ್ಟಿಯಾದ ವಿಜ್ಞಾನ. ಮನುಷ್ಯರನ್ನು ಐದು ಬಗೆಗಳಾಗಿ ವಿಂಗಡಿಸಿ ‘ಕಾಕಸಿಯನ್’ ಎಂಬ ಹೆಸರನ್ನು 1795ರಲ್ಲಿ ನೆಲೆಗೊಳಿಸಿದವನು ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಯೊಹಾನ್ ಬ್ಲೂಮೆನ್‌ಬಾಖ್. ಜಾರ್ಜಿಯಾದ ಹೆಣ್ಣೊಬ್ಬಳ ತಲೆಬುರುಡೆ ಅವನ ಸಂಗ್ರಹದಲ್ಲಿ ಅವನಿಗೆ ಅತ್ಯಂತ ಸುಂದರವಾಗಿ ಕಂಡಿತ್ತು. ಒಂದು ಬಗೆ ಇನ್ನೊಂದರೊಳಗೆ ಗೆರೆ ಕಾಣದಂತೆ ಕರಗುತ್ತದೆ ಎಂದೂ ಅವನೇ ಬರೆದಿದ್ದ; ಅವನ ಹೆಸರುಗಳನ್ನು ಎತ್ತಿಕೊಂಡವರು ಆ ಮಾತನ್ನು ಬಿಟ್ಟುಬಿಟ್ಟರು. 1972ರಲ್ಲಿ ರಿಚರ್ಡ್ ಲೆವಾಂಟಿನ್ ರಕ್ತದ ಪ್ರೋಟೀನುಗಳ ವ್ಯತ್ಯಾಸಗಳನ್ನು ಲೆಕ್ಕ ಹಾಕಿದಾಗ, ಮನುಷ್ಯರ ನಡುವಿನ ಒಟ್ಟು ಆನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇ 85ರಷ್ಟು ಪ್ರತಿಯೊಂದು ಜನಸಮುದಾಯದ ಒಳಗೇ ಇರುವುದು ಕಂಡಿತು. ‘ಜನಾಂಗ’ಗಳ ನಡುವಿನ ವ್ಯತ್ಯಾಸದ ಪಾಲು ಶೇ 6ರ ಆಸುಪಾಸು ಮಾತ್ರ. ಆಮೇಲಿನ ಅಧ್ಯಯನಗಳೂ ಈ ಚಿತ್ರವನ್ನು ಬಹುಮಟ್ಟಿಗೆ ಎತ್ತಿಹಿಡಿದಿವೆ. ಪೂರ್ವಜರ ಭೂಗೋಳವನ್ನು ವಂಶವಾಹಿಗಳಿಂದ ಪತ್ತೆಮಾಡಬಹುದು, ಅದರಲ್ಲಿ ಸಂಶಯವಿಲ್ಲ. ಆದರೆ ಆ ನಕ್ಷೆಯಲ್ಲಿ ಕಾಣುವುದು ನಿಧಾನವಾದ ಏರಿಳಿತಗಳು ಮತ್ತು ಬೆರಕೆಗಳು; ಐದು ಬಣ್ಣದ ಐದು ತುಂಡುಗಳು ಎಲ್ಲಿಯೂ ಇಲ್ಲ. ರಕ್ತದ ಕೆಂಪು ಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆಯಾದ ಕುಡುಗೋಲು ಕಣ ರೋಗವನ್ನು (ಸಿಕಲ್ ಸೆಲ್) ಬಹುಕಾಲ ‘ಕಪ್ಪು ಜನರ ಕಾಯಿಲೆ’ ಎಂದರು. ಮಲೇರಿಯಾ ಹಿಂದೆ ಹೆಚ್ಚಾಗಿದ್ದ ಹಲವು ಕಡೆಗಳಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ, ಗ್ರೀಸಿನಲ್ಲಿ, ಅರಬ್ ನಾಡುಗಳಲ್ಲಿ, ಮಧ್ಯ ಭಾರತದ ಆದಿವಾಸಿಗಳಲ್ಲಿ, ಅದು ಸಿಗುತ್ತದೆ. ದಕ್ಷಿಣ ಆಫ್ರಿಕಾದ ಮೂಲ ಜನರಲ್ಲಿ ಅಪರೂಪ.

ಹಣೆಪಟ್ಟಿಯನ್ನು ದೇಹದ ಗುಣವೆಂದು ನಂಬಿ ಲೆಕ್ಕಕ್ಕೆ ಇಳಿಸಿದರೆ ಏನಾಗುತ್ತದೆ ಎಂಬುದಕ್ಕೆ ಮೂತ್ರಪಿಂಡದ ಪರೀಕ್ಷೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ರಕ್ತದಲ್ಲಿನ ಕ್ರಿಯಾಟಿನಿನ್ (ಸ್ನಾಯುಗಳಿಂದ ಬರುವ ತ್ಯಾಜ್ಯ) ಪ್ರಮಾಣ, ವಯಸ್ಸು ಮತ್ತು ಲಿಂಗವನ್ನು ಒಂದು ಸೂತ್ರಕ್ಕೆ ಹಾಕಿ ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಅಂದಾಜಿಸುತ್ತಾರೆ. 1999ರಲ್ಲಿ ಅಮೆರಿಕದಲ್ಲಿ ಬಂದ ಸೂತ್ರ, ರೋಗಿ ಕಪ್ಪು ವರ್ಣದವರಾಗಿದ್ದರೆ ಉತ್ತರವನ್ನು ಸುಮಾರು ಶೇ 21ರಷ್ಟು ಹೆಚ್ಚಿಸುತ್ತಿತ್ತು. 2009ರ ಸುಧಾರಿತ ಸೂತ್ರ ಸುಮಾರು ಶೇ 16ರಷ್ಟು. ಕಪ್ಪು ಜನರಲ್ಲಿ ಸ್ನಾಯುಗಳು ಹೆಚ್ಚು, ಆದ್ದರಿಂದ ಕ್ರಿಯಾಟಿನಿನ್ ಹೆಚ್ಚು ಎಂಬುದು ಕೊಟ್ಟ ವಿವರಣೆಗಳಲ್ಲೊಂದು. ಯಾರು ಕಪ್ಪು? ತಂದೆ ನೈಜೀರಿಯಾದವರು, ತಾಯಿ ನಾರ್ವೆಯವರು ಎಂದಾದರೆ? ಸೂತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಈಗ ಲೆಕ್ಕ ನೋಡಿ; ಉತ್ತರದ ಅಂಕಿ ಕಡಿಮೆಯಾದಷ್ಟೂ ಮೂತ್ರಪಿಂಡ ದುರ್ಬಲ ಎಂದರ್ಥ. ವಯಸ್ಸು, ಲಿಂಗ, ಕ್ರಿಯಾಟಿನಿನ್ ಎಲ್ಲ ಒಂದೇ ಆಗಿರುವ ಇಬ್ಬರು ರೋಗಿಗಳಲ್ಲಿ ಒಬ್ಬರಿಗೆ 18 ಬಂದರೆ, ಕಪ್ಪು ಎಂದು ದಾಖಲಾದವರಿಗೆ ಸುಮಾರು 21 ಬರುತ್ತಿತ್ತು. ಮೂತ್ರಪಿಂಡ ಕಸಿಗಾಗಿ ಕಾಯುವವರ ಪಟ್ಟಿಯಲ್ಲಿ ಡಯಾಲಿಸಿಸ್‌ಗೆ ಹೋಗದವರ ಕಾಯುವಿಕೆಯ ಲೆಕ್ಕ ಶುರುವಾಗಬೇಕಾದರೆ ಈ ಅಂಕಿ 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಹಾಗಾಗಿ ಒಬ್ಬರು ಸಾಲಿನಲ್ಲಿ ನಿಲ್ಲುತ್ತಿದ್ದರು, ಇನ್ನೊಬ್ಬರು ಸಾಲಿನ ಹೊರಗೆ ಉಳಿಯುತ್ತಿದ್ದರು.

2021ರಲ್ಲಿ ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್ ಮತ್ತು ಮೂತ್ರಪಿಂಡ ತಜ್ಞರ ಸಂಘಟನೆ ಜೊತೆಯಾಗಿ ನೇಮಿಸಿದ್ದ ತಂಡ ಜನಾಂಗವನ್ನು ಬಿಟ್ಟ ಸೂತ್ರವನ್ನು ಬಳಸಲು ಶಿಫಾರಸು ಮಾಡಿತು. 2023ರಲ್ಲಿ, ಹಳೆಯ ಸೂತ್ರದಿಂದ ಕಾಯುವ ಕಾಲವನ್ನು ಕಳೆದುಕೊಂಡ ಕಪ್ಪು ರೋಗಿಗಳಿಗೆ ಆ ಕಾಲವನ್ನು ಮರಳಿ ಸೇರಿಸಿಕೊಡಬೇಕೆಂದು ಅಲ್ಲಿನ ಕಸಿ ಆಸ್ಪತ್ರೆಗಳಿಗೆ ನಿಯಮವಾಯಿತು. ಈ ಬದಲಾವಣೆ ಬಹಳ ತಡವಾಗಿ ಬಂತೆಂಬುದು ನನ್ನ ಖಚಿತ ಅಭಿಪ್ರಾಯ. ಸ್ನಾಯುವಿನ ಪ್ರಮಾಣ ಮುಖ್ಯವಾದರೆ ಸ್ನಾಯುವನ್ನೇ ಅಳೆಯಬೇಕು, ಇಲ್ಲವೇ ಸ್ನಾಯುವನ್ನು ಅಷ್ಟಾಗಿ ಅವಲಂಬಿಸದ ಸಿಸ್ಟಾಟಿನ್-ಸಿ ಪರೀಕ್ಷೆ ಮಾಡಬೇಕು. ಚರ್ಮದ ಬಣ್ಣವನ್ನು ಅದರ ಬದಲಿಗೆ ಕೂರಿಸಬಾರದು.

ಹಾಗಾದರೆ ಚೌಕಗಳನ್ನೆಲ್ಲ ಅಳಿಸಿಬಿಡೋಣವೇ? ಇಲ್ಲಿ ನಿಮ್ಮ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಅನ್ಯಾಯವನ್ನು ಕಂಡುಹಿಡಿದದ್ದೂ ಸರಿಪಡಿಸಿದ್ದೂ ಯಾರು ಕಪ್ಪು ಎಂದು ದಾಖಲೆಯಲ್ಲಿ ಬರೆದಿದ್ದರಿಂದಲೇ. ವಂಶವಾಹಿಗಳಲ್ಲಿ ಜನಾಂಗ ಇಲ್ಲದಿರಬಹುದು, ಮನೆ ಬಾಡಿಗೆಗೆ ಕೊಡುವವನ ಕಣ್ಣಿನಲ್ಲಿ, ಪೊಲೀಸನ ಕಣ್ಣಿನಲ್ಲಿ ಅದು ಇದೆ. ಫ್ರಾನ್ಸಿನಲ್ಲಿ 1978ರ ಕಾನೂನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಜನಾಂಗದ ಮಾಹಿತಿ ಸಂಗ್ರಹಿಸುವುದನ್ನು ನಿಷೇಧಿಸುತ್ತದೆ. ಜನಾಂಗದ ಮೇಲೆ ಆಧಾರಿತವಾದ ಅಂಕಿಅಂಶ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದು ಅಲ್ಲಿನ ಸಂವಿಧಾನ ಮಂಡಳಿ 2007ರಲ್ಲಿ ಹೇಳಿತು. ನಾಜಿ ಆಕ್ರಮಣದ ಕಾಲದಲ್ಲಿ ಯಹೂದಿಗಳ ಪಟ್ಟಿಗಳು ಏನು ಮಾಡಿದವು ಎಂಬುದನ್ನು ಕಂಡ ದೇಶ ಹಾಗೆ ಅಂಜುವುದು ಸಹಜ. ಆದರೆ ತಾರತಮ್ಯ ಅದರಿಂದ ನಿಂತಿಲ್ಲ. ಸಂಶೋಧಕರು ತಂದೆತಾಯಿ ಹುಟ್ಟಿದ ದೇಶವನ್ನು ಕೇಳಿ, ಇಲ್ಲವೇ ಬೇರೆ ಬೇರೆ ಹೆಸರಿನಲ್ಲಿ ಒಂದೇ ಬಗೆಯ ಉದ್ಯೋಗದ ಅರ್ಜಿ ಕಳುಹಿಸಿ, ಸುತ್ತುದಾರಿಯಲ್ಲಿ ಅದನ್ನು ಅಳೆಯಬೇಕಾಗಿದೆ. ಫ್ರಾನ್ಸಿನಲ್ಲೇ ಅಜ್ಜ, ತಂದೆ ಎಲ್ಲರೂ ಹುಟ್ಟಿದ ಕಪ್ಪು ಯುವಕನೊಬ್ಬ ಹುಟ್ಟೂರಿನ ಲೆಕ್ಕದಲ್ಲಿ ಕಾಣಿಸುವುದೇ ಇಲ್ಲ.

ತಾರತಮ್ಯ ಅಳೆಯಲು ಹೊರಟಾಗ ‘ನೋಡುವವರ ಕಣ್ಣಿಗೆ ಯಾರು’ ಎಂಬುದೇ ನಿಖರವಾದ ಪ್ರಶ್ನೆ. ಬ್ರೆಜಿಲ್ ಇದನ್ನು ನೇರವಾಗಿಯೇ ಎದುರಿಸುತ್ತಿದೆ. 1976ರ ಸಮೀಕ್ಷೆಯೊಂದರಲ್ಲಿ ಬಣ್ಣವನ್ನು ನಿಮ್ಮದೇ ಮಾತಿನಲ್ಲಿ ಹೇಳಿ ಎಂದಾಗ ಅಲ್ಲಿನ ಜನ ನೂರಕ್ಕೂ ಹೆಚ್ಚು ಹೆಸರುಗಳನ್ನು ಕೊಟ್ಟರು. ಗಣತಿಯಲ್ಲಿ ಇರುವುದು ಐದೇ: ಬಿಳಿ, ಕಪ್ಪು, ಮಿಶ್ರವರ್ಣದ ‘ಪಾರ್ದು’, ‘ಹಳದಿ’ ಮತ್ತು ಮೂಲನಿವಾಸಿ. 2022ರ ಗಣತಿಯಲ್ಲಿ ಪಾರ್ದುಗಳು ಶೇ 45.3ರೊಂದಿಗೆ ಬಿಳಿಯರನ್ನು (ಶೇ 43.5) ಹಿಂದಿಕ್ಕಿದರು. ವಿಶ್ವವಿದ್ಯಾಲಯಗಳ ಮೀಸಲು ಸೀಟುಗಳಿಗೆ ಸುಳ್ಳು ಹೇಳುವವರನ್ನು ತಡೆಯಲು ಸಮಿತಿಗಳಿವೆ. ಅವು ಅಜ್ಜಿ ಯಾರೆಂದು ಕೇಳುವುದಿಲ್ಲ, ಅಭ್ಯರ್ಥಿ ನೋಡಲು ಹೇಗಿದ್ದಾರೆ ಎಂಬುದನ್ನು ಪರಿಶೀಲಿಸುತ್ತವೆ. ತತ್ತ್ವದಲ್ಲಿ ಇದು ಸರಿ ಎನ್ನಬೇಕು, ಏಕೆಂದರೆ ಅಲ್ಲಿ ತಾರತಮ್ಯ ನಡೆಯುವುದು ರೂಪ ನೋಡಿ. ಆಚರಣೆಯಲ್ಲಿ ಎಷ್ಟು ಕಷ್ಟ ಎಂಬುದು 2007ರಲ್ಲಿ ಬ್ರಸೀಲಿಯಾ ವಿಶ್ವವಿದ್ಯಾಲಯದಲ್ಲಿ ಗೊತ್ತಾಯಿತು. ಫೋಟೊ ನೋಡಿ ತೀರ್ಮಾನಿಸುತ್ತಿದ್ದ ಸಮಿತಿ ತದ್ರೂಪಿ ಅವಳಿಗಳಲ್ಲಿ ಒಬ್ಬನನ್ನು ಕಪ್ಪು ಎಂದು ಒಪ್ಪಿ, ಇನ್ನೊಬ್ಬನನ್ನು ಅಲ್ಲ ಎಂದು ತಿರಸ್ಕರಿಸಿತು. ಆಮೇಲೆ ಅದನ್ನು ತಿದ್ದಬೇಕಾಯಿತು.

ಒಂದು ಪಟ್ಟಿ ಜನರ ಬದುಕಿಗೆ ಹೊಂದುತ್ತಿಲ್ಲ ಎಂದು ತಿಳಿಯುವುದು ಹೇಗೆ? ‘ಇತರೆ’ ಚೌಕವನ್ನು ನೋಡಿ ಎಂದು ನಾನು ಹೇಳುತ್ತೇನೆ. ಅಮೆರಿಕದ ಗಣತಿ ‘ಹಿಸ್ಪಾನಿಕ್’ (ಸ್ಪ್ಯಾನಿಷ್ ಭಾಷೆಯ ನಾಡುಗಳ ಮೂಲದವರು) ಎಂಬುದನ್ನು ಜನಾಂಗವೆಂದು ಪರಿಗಣಿಸದೆ ಬೇರೆಯೇ ಪ್ರಶ್ನೆಯಾಗಿ ಕೇಳುತ್ತಿತ್ತು. ಅದಕ್ಕೆ ಹೌದೆಂದ ಮೇಲೂ ಬಿಳಿಯರೋ ಕಪ್ಪೋ ಎಂದು ಮತ್ತೊಮ್ಮೆ ಹೇಳಬೇಕಿತ್ತು. ಆ ಎರಡನೆಯ ಪ್ರಶ್ನೆಗೆ ಲ್ಯಾಟಿನ್ ಅಮೆರಿಕದ ಮೂಲದ ಕೋಟ್ಯಂತರ ಜನರ ಉತ್ತರ ‘ಇತರೆ’. 2020ರಲ್ಲಿ ‘ಇತರೆ ಜನಾಂಗ’ ದೇಶದ ಎರಡನೆಯ ಅತಿ ದೊಡ್ಡ ಗುಂಪಾಗಿಬಿಟ್ಟಿತು. ಅಷ್ಟೊಂದು ಜನ ‘ಇತರೆ’ ಆದರೆ ತಪ್ಪು ಉತ್ತರಿಸಿದವರದಲ್ಲ, ಪ್ರಶ್ನೆಯದು. ಅರಬ್ಬರು ಮತ್ತು ಇರಾನಿಯರನ್ನು ನಿಯಮದ ಪ್ರಕಾರ ‘ಬಿಳಿಯರು’ ಎಂದು ಎಣಿಸುತ್ತಿದ್ದರು, ವಿಮಾನ ನಿಲ್ದಾಣದಲ್ಲಿ ಅವರನ್ನು ಯಾರೂ ಹಾಗೆ ನಡೆಸಿಕೊಳ್ಳದಿದ್ದರೂ. 2024ರ ಮಾರ್ಚಿನಲ್ಲಿ ಅಲ್ಲಿನ ಸರ್ಕಾರ ನಿಯಮ ಪರಿಷ್ಕರಿಸಿ ಎರಡು ಪ್ರಶ್ನೆಗಳನ್ನು ಒಂದುಗೂಡಿಸಿತು, ‘ಮಧ್ಯಪ್ರಾಚ್ಯ ಅಥವಾ ಉತ್ತರ ಆಫ್ರಿಕಾ’ ಎಂಬ ಹೊಸ ಚೌಕವನ್ನೂ ಸೇರಿಸಿತು. ಹಿಂದಿನದಕ್ಕಿಂತ ಇದು ಖಂಡಿತ ನಿಖರ. ಜೊತೆಗೆ ಒಂದು ಎಚ್ಚರಿಕೆ: ಚೌಕ ಬದಲಾದರೆ ಅಂಕಿಯೂ ಬದಲಾಗುತ್ತದೆ. ಒಂದಕ್ಕಿಂತ ಹೆಚ್ಚು ಜನಾಂಗ ಸೂಚಿಸಿದವರು 2010ರಲ್ಲಿ 90 ಲಕ್ಷ, 2020ರಲ್ಲಿ 3.38 ಕೋಟಿ. ಹತ್ತು ವರ್ಷಗಳಲ್ಲಿ ಅಷ್ಟು ಮಿಶ್ರ ಸಂತಾನ ಹುಟ್ಟಲಿಲ್ಲ. ಪ್ರಶ್ನೆಯ ವಿನ್ಯಾಸವೂ ಉತ್ತರಗಳನ್ನು ದಾಖಲಿಸುವ ಕ್ರಮವೂ ಬದಲಾಗಿದ್ದವು.

ಯಾರು ಬರೆಯುತ್ತಾರೆ, ಬರೆದದ್ದನ್ನು ಯಾರು ಬದಲಿಸಬಹುದು ಎಂಬುದು ನನ್ನ ಮಟ್ಟಿಗೆ ಹೆಸರಿನಷ್ಟೇ ಮುಖ್ಯ. 1960ಕ್ಕೆ ಮುಂಚೆ ಅಮೆರಿಕದ ಗಣತಿಯಲ್ಲಿ ಜನಾಂಗವನ್ನು ಸಾಮಾನ್ಯವಾಗಿ ಗಣತಿದಾರನೇ ನೋಡಿ ಬರೆಯುತ್ತಿದ್ದ. ಕಪ್ಪು ರಕ್ತದ ಪಾಲು ಎಷ್ಟೇ ಅಲ್ಪವಾಗಿದ್ದರೂ ‘ನೀಗ್ರೋ’ ಎಂದೇ ಬರೆಯಬೇಕೆಂದು 1930ರ ಸೂಚನೆ ಹೇಳಿತ್ತು. ದಕ್ಷಿಣ ಆಫ್ರಿಕಾದ 1950ರ ಜನಸಂಖ್ಯಾ ನೋಂದಣಿ ಕಾಯ್ದೆಯಡಿ ಅಧಿಕಾರಿಗಳು ಒಂದೇ ಕುಟುಂಬದ ಮಕ್ಕಳನ್ನು ಬೇರೆ ಬೇರೆ ಜನಾಂಗಗಳಿಗೆ ಹಾಕಿದ್ದುಂಟು. ಕೂದಲಿನಲ್ಲಿ ಪೆನ್ಸಿಲ್ ನಿಲ್ಲುತ್ತದೆಯೇ ಬೀಳುತ್ತದೆಯೇ ಎಂದು ನೋಡುವ ಪರೀಕ್ಷೆ ಕುಖ್ಯಾತವಾಯಿತು. ರುವಾಂಡಾದಲ್ಲಿ ಬೆಲ್ಜಿಯನ್ ಆಡಳಿತ 1930ರ ದಶಕದಲ್ಲಿ ಹುಟು, ಟುಟ್ಸಿ, ಟ್ವಾ ಎಂದು ಗುರುತಿನ ಚೀಟಿಯಲ್ಲಿ ಮುದ್ರಿಸಿತು. ಅವರೆಲ್ಲ ಆಡುತ್ತಿದ್ದದ್ದು ಒಂದೇ ಭಾಷೆ, ಮತ್ತು ಅದಕ್ಕೆ ಮೊದಲು ಆ ಗೆರೆಗಳನ್ನು ಕೆಲವರಾದರೂ ದಾಟುವುದು ಸಾಧ್ಯವಿತ್ತು. 1994ರ ನರಮೇಧದಲ್ಲಿ ರಸ್ತೆ ತಡೆಗಳಲ್ಲಿ ಕೇಳಿದ್ದು ಆ ಚೀಟಿಯನ್ನೇ. ಗಣತಿಯಲ್ಲಿ ಹೆಸರಿಲ್ಲದೆ ಕೊಟ್ಟ ಉತ್ತರವೂ ವ್ಯಕ್ತಿಯ ಜೇಬಿನಲ್ಲಿರುವ ಚೀಟಿಯೂ ಒಂದೇ ಅಲ್ಲ. ಮೊದಲನೆಯದನ್ನು ನಾನು ಬೆಂಬಲಿಸುತ್ತೇನೆ. ಎರಡನೆಯದನ್ನು ಯಾವ ಸರ್ಕಾರ ತಂದರೂ ವಿರೋಧಿಸುತ್ತೇನೆ.

ಈಗ ಸಹಪಾಠಿಗಳ ವಾದಕ್ಕೆ ಬರೋಣ. ಇದು ಮೂರನೆಯ ಪ್ರಶ್ನೆ: ತಮ್ಮನ್ನು ಏನೆಂದು ಕರೆಯಬೇಕೆಂದು ಆ ಜನ ಬಯಸುತ್ತಾರೆ? ‘ಆಫ್ರಿಕನ್ ಅಮೆರಿಕನ್’ ಎಂಬ ಹೆಸರು ಹರಡಿದ್ದು 1988ರ ಕೊನೆಯಲ್ಲಿ ಜೆಸ್ಸಿ ಜಾಕ್ಸನ್ ಮೊದಲಾದ ನಾಯಕರು ಅದನ್ನು ಎತ್ತಿಹಿಡಿದ ಮೇಲೆ. ಐರಿಶರಿಗೆ, ಇಟಾಲಿಯನ್ನರಿಗೆ ಇರುವಂತೆ ತಮಗೂ ನೆಲವನ್ನೂ ಚರಿತ್ರೆಯನ್ನೂ ಸೂಚಿಸುವ ಹೆಸರು ಬೇಕೆಂಬುದು ಅವರ ಆಶಯ. ‘ಬ್ಲ್ಯಾಕ್’ ಎನ್ನುವವರದು ಬೇರೆ ಅನುಭವ. ಜಮೈಕಾದಿಂದ ಬಂದವರು, ಬ್ರಿಟನ್ನಿನಲ್ಲಿ ಹುಟ್ಟಿದವರು ಆ ಇನ್ನೊಂದು ಹೆಸರಿನೊಳಗೆ ಬರುವುದಿಲ್ಲ, ಆದರೆ ಬೀದಿಯಲ್ಲಿ ಎದುರಿಸುವುದು ಒಂದೇ ನೋಟವನ್ನು. ಇಬ್ಬರೂ ತಮ್ಮ ತಮ್ಮ ಬಗ್ಗೆ ನಿಜವನ್ನೇ ಹೇಳುತ್ತಿದ್ದಾರೆ. ಒಬ್ಬೊಬ್ಬರನ್ನೂ ಅವರು ಬಯಸಿದಂತೆ ಕರೆಯಲು ನಿಮ್ಮ ಮಗಳಿಗೆ ಯಾವ ತೊಂದರೆಯೂ ಇಲ್ಲ.

ಒಳ್ಳೆಯ ಉದ್ದೇಶದ ಹೆಸರೂ ಕೆಲವೊಮ್ಮೆ ಯಾರದೋ ಮೇಲೆ ಹೇರಿಕೆಯಾಗುತ್ತದೆ. 1971ರಲ್ಲಿ ಲಂಡನ್ ಬಳಿ ಸೇರಿದ ವಿಶ್ವ ರೋಮಾನಿ ಸಮಾವೇಶ ‘ಜಿಪ್ಸಿ’ಯನ್ನು ತಿರಸ್ಕರಿಸಿ ‘ರೋಮಾ’ ಎಂಬುದನ್ನು ಒಪ್ಪಿತು. ಜರ್ಮನಿಯ ಸಿಂಟಿ ಜನ ತಮ್ಮನ್ನು ರೋಮಾ ಎಂದುಕೊಳ್ಳುವುದಿಲ್ಲ. ಆದ್ದರಿಂದ ಅಲ್ಲಿ ‘ಸಿಂಟಿ ಮತ್ತು ರೋಮಾ’ ಎಂದೇ ಹೇಳಬೇಕು. ‘ಎಸ್ಕಿಮೊ’ ಬದಲಿಗೆ ‘ಇನ್ಯುಯಿಟ್’ ಎಂದು ತಿದ್ದುವವರು ಅಲಾಸ್ಕದ ಯೂಪಿಕ್ ಜನರನ್ನು ಮರೆಯುತ್ತಾರೆ. ಅವರು ಇನ್ಯುಯಿಟ್ ಅಲ್ಲ. ‘ಲ್ಯಾಟಿನೆಕ್ಸ್’ ಎಂಬ ಲಿಂಗನಿರಪೇಕ್ಷ ಹೆಸರನ್ನು ವಿಶ್ವವಿದ್ಯಾಲಯಗಳು ಬಹಳ ಬಳಸಿದವು. 2020ರಲ್ಲಿ ಪ್ಯೂ ಸಂಶೋಧನಾ ಕೇಂದ್ರ ಪ್ರಕಟಿಸಿದ ಸಮೀಕ್ಷೆಯಲ್ಲಿ, ಅಮೆರಿಕದ ಹಿಸ್ಪಾನಿಕ್ ವಯಸ್ಕರಲ್ಲಿ ತಮ್ಮನ್ನು ಹಾಗೆ ಕರೆದುಕೊಳ್ಳುವವರು ಶೇ 3 ಮಾತ್ರ. ಆ ಶೇ 3 ಜನರನ್ನು ಹಾಗೆಯೇ ಕರೆಯಬೇಕು, ಉಳಿದವರನ್ನು ಕರೆಯಬೇಕಿಲ್ಲ. ಕನ್ನಡದಲ್ಲಿ ಬರೆಯುವ ನಾವೂ ‘ನೀಗ್ರೋ’, ‘ಕರಿಯ’ ಎಂಬವನ್ನು ಬಿಡಲು ಇನ್ನೂ ತಡಮಾಡಬಾರದು. ಅಮೆರಿಕದ ಸಂಸತ್ತು 2016ರಲ್ಲೇ ‘ನೀಗ್ರೋ’, ‘ಓರಿಯಂಟಲ್’ನಂಥ ಹೆಸರುಗಳನ್ನು ಉಳಿದುಕೊಂಡಿದ್ದ ಕೆಲವು ಕಾನೂನುಗಳಿಂದ ತೆಗೆಯಿತು.

ನಿಮ್ಮ ಮಗಳು ಮಾಡಬಹುದಾದದ್ದು ಇಷ್ಟು. ವಿಶ್ವವಿದ್ಯಾಲಯದ, ಉದ್ಯೋಗದ, ಗಣತಿಯ ಅರ್ಜಿಗಳಲ್ಲಿ ‘ಏಷ್ಯನ್’ ಎಂದು ಗುರುತು ಹಾಕಲಿ. ಅದರ ಕೆಳಗೆ ‘ಏಷ್ಯನ್ ಇಂಡಿಯನ್’ ಅಥವಾ ಬರೆಯಲು ಖಾಲಿ ಜಾಗ ಇದ್ದರೆ ಅದನ್ನು ತಪ್ಪದೆ ತುಂಬಲಿ. ಏಷ್ಯನ್ನರೆಲ್ಲರ ಸರಾಸರಿ ಆದಾಯ ಹೆಚ್ಚೆಂದು ಹೇಳುವ ಅಂಕಿ, ಅದೇ ಚೌಕದೊಳಗಿರುವ ಬರ್ಮಾ ಮೂಲದವರ ಬಡತನವನ್ನು ಮುಚ್ಚುತ್ತದೆ. ಒಳವಿವರ ಇದ್ದರೆ ಮಾತ್ರ ಅದು ಹೊರಗೆ ಕಾಣುತ್ತದೆ. ಉತ್ತರಿಸುವುದು ಬೇಡವೆನಿಸಿದರೆ, ಹೆಚ್ಚಿನ ಕಾಲೇಜು ಮತ್ತು ಉದ್ಯೋಗದ ಅರ್ಜಿಗಳಲ್ಲಿ ಬಿಟ್ಟುಬಿಡುವ ಅವಕಾಶವೂ ಇರುತ್ತದೆ.

ಆಸ್ಪತ್ರೆಯ ಅರ್ಜಿಯದು ಮಾತ್ರ ಬೇರೆ. ಅಲ್ಲಿ ‘ಏಷ್ಯನ್’ ಎಂಬ ಗುರುತಿನಿಂದ ಒಂದು ಉಪಯೋಗವಿದೆ. ದಕ್ಷಿಣ ಏಷ್ಯಾದ ಮೂಲದವರಿಗೆ ಕಡಿಮೆ ತೂಕದಲ್ಲೇ ಮಧುಮೇಹ ಬರುವುದು ಹೆಚ್ಚು. ಅಮೆರಿಕದ ಮಧುಮೇಹ ಸಂಸ್ಥೆ ಉಳಿದವರಿಗೆ ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, ಬಿಎಂಐ) 25ರಿಂದ ಎಂದರೆ, ಏಷ್ಯನ್ ಮೂಲದವರಿಗೆ 23ರಿಂದಲೇ ಪರೀಕ್ಷೆ ಮಾಡಲು ಹೇಳುತ್ತದೆ. ನಾನು ಮೇಲೆ ಹೇಳಿದ್ದಕ್ಕೆ ಇದು ಒಂದಿಷ್ಟು ತೊಡಕು ತರುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲಿ ಹಣೆಪಟ್ಟಿ ಮಾಡುವುದು ಬೇಗ ಪರೀಕ್ಷೆ ಮಾಡಿ ಎಂದು ಸೂಚಿಸುವುದನ್ನಷ್ಟೇ. ಪರೀಕ್ಷೆಯ ಫಲಿತಾಂಶವನ್ನು ಅದು ತಿದ್ದುವುದಿಲ್ಲ. ಅವಳು ಆ ಗುರುತಿನ ಜೊತೆಗೆ ತಂದೆಯ ಕಡೆ, ತಾಯಿಯ ಕಡೆ ಯಾರಿಗೆ ಮಧುಮೇಹ, ಯಾರಿಗೆ ಹೃದ್ರೋಗ, ಯಾವ ವಯಸ್ಸಿನಲ್ಲಿ ಬಂತು ಎಂಬುದನ್ನು ವೈದ್ಯರಿಗೆ ಬರೆದುಕೊಡಲಿ. ಆ ವಿವರ ನಿಮ್ಮ ಬಳಿ ಇರುತ್ತದೆ. ಅವಳಿಗೆ ಈಗಲೇ ಕಳುಹಿಸಿಕೊಡಿ.